ನಳಿಗೆ ಪರೀಕ್ಷೆ ಆದ ಮೇಲೆ



ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರು. ಈ ನಾಲ್ಕು ತಾಲ್ಲೂಕಿನ ಅಕ್ಕಂದಿರಿಗಾಗಿ ಈ ಮಾತು. ಇವತ್ತಿನ ವಿಷಯ ಹೊಟ್ಟೆಯದು. ಹೊಟ್ಟೆಯೊಳಗೆ ನಳಿಗೆ ಬಿಟ್ಟು ನೋಡಿದ ಮೇಲೆ ಸ್ವಲ್ಪ ನೋವು, ಉಬ್ಬರ ಉಳಿಯುತ್ತದೆ. ಅದನ್ನು ಹೇಗೆ ತಾಳಬೇಕು? ಯಾವಾಗ ತಾಳಬಾರದು? ಇಷ್ಟನ್ನು ತಿಳಿಯೋಣ.

ನಮಗೆ ಎದೆ ಉರಿ, ಹುಳಿತೇಗು ಬಹಳ ದಿನ ಇರುತ್ತದೆ. ತಾಲ್ಲೂಕು ಆಸ್ಪತ್ರೆಯ ಡಾಕ್ಟರು ಹಾವೇರಿಗೋ ಹುಬ್ಬಳ್ಳಿಗೋ ಚೀಟಿ ಬರೆದು ಕೊಡುತ್ತಾರೆ. ‘ಎಂಡೋಸ್ಕೋಪಿ ಮಾಡಿಸಿರಿ’ ಅನ್ನುತ್ತಾರೆ. ಅಂದರೆ ಬಾಯಿಯಿಂದ ನಳಿಗೆ ಇಳಿಸಿ ಜಠರ ನೋಡುವುದು. ಕೆಳಗಿನಿಂದ ನಳಿಗೆ ಬಿಟ್ಟು ದೊಡ್ಡ ಕರುಳು ನೋಡಿದರೆ ಅದು ಕೊಲೊನೋಸ್ಕೋಪಿ.

ಈ ಪರೀಕ್ಷೆ ಮೊದಲು ಹೀಗೆ ಇರಲಿಲ್ಲ. 1868ರಲ್ಲಿ ಜರ್ಮನಿಯ ಕುಸ್ಮೌಲ್ ಎಂಬ ಡಾಕ್ಟರು ಬಗ್ಗದ ಕೊಳವೆ ಇಳಿಸಿ ನೋಡಿದರು. ಯಾರಿಗೆ ಗೊತ್ತೇ? ಕತ್ತಿ ನುಂಗುವ ಆಟದವನಿಗೆ! ಬೇರೆಯವರಿಂದ ಅದು ಆಗುವ ಮಾತಲ್ಲ. ಮುಂದೆ ಅಮೆರಿಕದಲ್ಲಿ ಹಿರ್ಶೋವಿಟ್ಸ್ ಎಂಬ ಡಾಕ್ಟರು ಬಗ್ಗುವ ನಳಿಗೆ ಮಾಡಿದರು. 1957ರಲ್ಲಿ ಅದನ್ನು ಮೊದಲು ತಾವೇ ನುಂಗಿ ನೋಡಿದರು. ನಮ್ಮ ಹುಬ್ಬಳ್ಳಿಯ ಸರಕಾರಿ ವೈದ್ಯಕೀಯ ಕಾಲೇಜು ಶುರುವಾದದ್ದೂ ಅದೇ 1957ರಲ್ಲಿ. ಈಗಿನ ನಳಿಗೆ ಸುಮಾರು ಒಂದು ಸೆಂಟಿಮೀಟರ್ ದಪ್ಪ. ತುದಿಯಲ್ಲಿ ದೀಪ ಇದೆ, ಕ್ಯಾಮೆರಾ ಇದೆ.

ಪರೀಕ್ಷೆ ಆದ ಮೇಲೆ ಸಂಕಟ ಯಾಕೆ? ಖಾಲಿ ಚೀಲ ಮುದುಡಿ ಬಿದ್ದಿರುತ್ತದೆ. ಒಳಗೆ ನೋಡಬೇಕಾದರೆ ಚೀಲ ಬಿಚ್ಚಬೇಕು. ಜಠರವೂ ಹಾಗೆಯೇ. ಅದನ್ನು ಅರಳಿಸಲು ನಳಿಗೆಯಿಂದ ಗಾಳಿ ಊದುತ್ತಾರೆ. ಆ ಗಾಳಿ ಸ್ವಲ್ಪ ಒಳಗೇ ಉಳಿಯುತ್ತದೆ. ಅದಕ್ಕೆ ಹೊಟ್ಟೆ ಉಬ್ಬರ, ಹಿಡಿದ ಹಾಗೆ ನೋವು. ಗಂಟಲಿಗೆ ನಳಿಗೆ ತಾಗಿರುತ್ತದೆ. ಅದಕ್ಕೆ ಗಂಟಲು ನೋವು. ಇವು ಸಾಮಾನ್ಯವಾಗಿ ಒಂದೆರಡು ದಿನದಲ್ಲಿ ಇಳಿಯುತ್ತವೆ.

ಮೊದಲ ದಿನ ಏನು ಮಾಡಬೇಕು?

ಗಂಟಲು ಮರಗಟ್ಟುವ ಔಷಧ ಹಾಕಿರುತ್ತಾರೆ. ಅದು ಇಳಿಯುವ ತನಕ ನೀರೂ ಬೇಡ, ಚಹಾವೂ ಬೇಡ. ಕುಡಿದರೆ ಉಸಿರಿನ ದಾರಿಗೆ ಹೋದೀತು. ‘ಎಷ್ಟು ಹೊತ್ತಿಗೆ ನೀರು ಕುಡಿಯಲಿ?’ ಎಂದು ನರ್ಸ್ ಬಾಯಿಯವರನ್ನು ಕೇಳಿ. ಮೊದಲು ಒಂದು ಗುಟುಕು ಕುಡಿದು ನೋಡಿ. ಸರಿಯಾಗಿ ಇಳಿದರೆ ಆಮೇಲೆ ಗಂಜಿ, ಮೆತ್ತಗಿನ ಅನ್ನ, ಮಜ್ಜಿಗೆ. ಖಡಕ್ ರೊಟ್ಟಿ, ಕೆಂಪು ಖಾರ, ಎಲೆ ಅಡಿಕೆ ತಂಬಾಕು ದೂರ ಇರಲಿ. ಮರಗಟ್ಟಿದ್ದು ಪೂರ್ತಿ ಹೋದ ಮೇಲೆ ಉಗುರು ಬೆಚ್ಚಗಿನ ಉಪ್ಪುನೀರಿನಿಂದ ಬಾಯಿ ಮುಕ್ಕಳಿಸಿ.

ನಿದ್ದೆಯ ಸೂಜಿ ಕೊಟ್ಟಿದ್ದರೆ ಒಬ್ಬರೇ ಬಸ್ಸು ಹತ್ತಬೇಡಿ. ಜೊತೆಗೆ ಒಬ್ಬರು ಬೇಕು. ಆ ದಿನ ಒಲೆಯ ಮುಂದೆ ಒಬ್ಬರೇ ಕೂರಬೇಡಿ. ಮೇವು ಕತ್ತರಿಸುವ ಮಷಿನ್ ಮುಟ್ಟಬೇಡಿ. ಇನ್ನೊಂದು ಮಾತು. 24 ಗಂಟೆ ಯಾವ ಕಾಗದಕ್ಕೂ ಸಹಿ ಹಾಕಬೇಡಿ. ಹೆಬ್ಬೆಟ್ಟು ಬಿಟ್ಟು ಸಹಿ ಕಲಿತವರು ನಾವು. ತಲೆ ಮಂಪರು ಇದ್ದಾಗ ಹೊಲದ ಕಾಗದ, ಸಾಲದ ಕಾಗದ ಯಾರೇ ತಂದರೂ ‘ನಾಳೆ ಓದಿ ಹಾಕತೇನಿ’ ಅನ್ನಿ.

ಉಬ್ಬರಕ್ಕೆ ಮದ್ದು ನಡೆದಾಡುವುದು. ಮನೆಯಲ್ಲೇ ನಾಲ್ಕು ಹೆಜ್ಜೆ ಹಾಕಿ. ಎಡ ಮಗ್ಗುಲಿಗೆ ಮಲಗಿ. ತೇಗು ಬಂದರೆ ಬರಲಿ, ಗಾಳಿ ಹೋದರೆ ಹೋಗಲಿ. ‘ಮಂದಿ ಮುಂದ ಹ್ಯಾಂಗ್ರಿ?’ ಎಂದು ನಾಚಿ ತಡೆದರೆ ನೋವು ಹೆಚ್ಚುತ್ತದೆ. ಕೊಲೊನೋಸ್ಕೋಪಿಗೆ ಕರುಳು ತೊಳೆಯುವ ಔಷಧ ಕುಡಿಸುತ್ತಾರೆ. ಹಾಗಾಗಿ ಒಂದೆರಡು ದಿನ ಸಂಡಾಸಿಗೆ ಆಗದಿದ್ದರೆ ಗಾಬರಿ ಬೇಡ.

ಕೆಲವರಿಗೆ ಚೂರು ಮಾಂಸ ತೆಗೆದು ಪರೀಕ್ಷೆಗೆ ಕಳಿಸುತ್ತಾರೆ. ಕೂಡಲೇ ಮನೆಯಲ್ಲಿ ಅಳು ಶುರು. ಅಳಬೇಡಿ. ಚೂರು ತೆಗೆದರು ಎಂದ ಮಾತ್ರಕ್ಕೆ ಕ್ಯಾನ್ಸರ್ ಅಲ್ಲ. ಹುಣ್ಣು ಮಾಡುವ ಕ್ರಿಮಿ ಇದೆಯೋ ಎಂದು ನೋಡಲಿಕ್ಕೂ ತೆಗೆಯುತ್ತಾರೆ. ಆ ಕ್ರಿಮಿಯನ್ನು ಗುರುತಿಸಿದ ಆಸ್ಟ್ರೇಲಿಯಾದ ಇಬ್ಬರು ಡಾಕ್ಟರಿಗೆ 2005ರಲ್ಲಿ ನೊಬೆಲ್ ಬಹುಮಾನ ಬಂತು. ಅದಕ್ಕೆ ಗುಳಿಗೆ ಇವೆ. ಹೇಳಿದಷ್ಟು ದಿನ ಪೂರ್ತಿ ನುಂಗಬೇಕು. ವರದಿ ತರಲು ಮಾತ್ರ ಮರೆಯಬಾರದು.

ಯಾವಾಗ ತಾಳಬಾರದು?

ಬಹಳ ಅಪರೂಪಕ್ಕೆ ಒಳಗಿನ ಗೋಡೆಗೆ ತೂತು ಬೀಳಬಹುದು, ರಕ್ತ ಸೋರಬಹುದು. ಆಗ ತಡ ಮಾಡಿದರೆ ಜೀವಕ್ಕೆ ಅಪಾಯ. ಈ ಗುರುತು ನೆನಪಿಡಿ.

1. ಹೊಟ್ಟೆ ನೋವು ಇಳಿಯದೆ ಏರುತ್ತಾ ಹೋಗುವುದು. ಹೊಟ್ಟೆ ಕಲ್ಲಿನಂತೆ ಗಟ್ಟಿ ಆಗುವುದು.
2. ಎದೆ ನೋವು, ಉಸಿರು ಕಟ್ಟುವುದು, ಕುತ್ತಿಗೆ ಊದುವುದು.
3. ಚಳಿ ಜ್ವರ.
4. ರಕ್ತ ವಾಂತಿ, ಇಲ್ಲವೇ ಕಾಫಿ ಪುಡಿಯಂಥ ವಾಂತಿ.
5. ಡಾಂಬರಿನಂಥ ಕಪ್ಪು, ಅಂಟು ಮಲ. ಹೆಚ್ಚು ರಕ್ತ ಹೋಗುವುದು. ತಲೆ ಸುತ್ತಿ ಬೀಳುವುದು.
6. ನೀರೂ ನುಂಗಲು ಆಗದಿರುವುದು.

ಇವುಗಳಲ್ಲಿ ಒಂದು ಕಂಡರೂ ಓಮದ ನೀರು, ಸೋಡಾ ಕುಡಿದು ಬೆಳಗಾಗಲಿ ಎಂದು ಕಾಯಬೇಡಿ. ರಾತ್ರಿಯಾದರೂ 108ಕ್ಕೆ ಫೋನ್ ಮಾಡಿ. ಆಸ್ಪತ್ರೆಯಲ್ಲಿ ಮೊದಲ ಮಾತು ಇದೇ ಇರಲಿ: ‘ಇಂಥ ದಿನ ನನಗೆ ನಳಿಗೆ ಪರೀಕ್ಷೆ ಆಗಿದೆ.’ ಕರುಳಿನ ಗಂಟು ತೆಗೆದಿದ್ದರೆ ಎರಡು ವಾರದವರೆಗೂ ರಕ್ತ ಬರಬಹುದು, ಎಚ್ಚರ ಇರಲಿ. ಕಬ್ಬಿಣದ ಗುಳಿಗೆ ನುಂಗಿದರೂ ಮಲ ಕಪ್ಪಾಗುತ್ತದೆ. ನುಂಗುತ್ತಿದ್ದರೆ ಅದನ್ನೂ ಡಾಕ್ಟರಿಗೆ ಹೇಳಿ.

ಇನ್ನು ವಾರ ಕಳೆದರೂ ಉರಿ, ಸಂಕಟ ಉಳಿದರೆ? ಅದು ನಳಿಗೆಯ ನೋವಾಗಿರಲಿಕ್ಕಿಲ್ಲ. ಯಾವ ನೋವಿಗೆ ಹೋಗಿದ್ದೆವೋ ಅದೇ ಮುಂದುವರಿದಿರಬಹುದು. ಎಷ್ಟೋ ಸಲ ವರದಿಯಲ್ಲಿ ಏನೂ ಇರುವುದಿಲ್ಲ. ಆಗ ಮನೆಯವರು ಅನ್ನುತ್ತಾರೆ: ‘ಏನೂ ಇಲ್ಲ ಅಂದಾರಲ್ಲ, ಮತ್ಯಾಕ ನರಳ್ತಿ?’ ಈ ಮಾತು ಕೇಳಿ ಎಷ್ಟು ಅಕ್ಕಂದಿರು ಬಾಯಿ ಮುಚ್ಚಿಕೊಂಡು ಹೊಲಕ್ಕೆ ಹೋಗುತ್ತಾರೆ! ಕ್ಯಾಮೆರಾ ನೋಡುವುದು ಒಳಗಿನ ಗೋಡೆಯನ್ನು. ಗೋಡೆ ನೋಡಿದರೆ ಬಿರುಕು ಕಾಣುತ್ತದೆ. ಮನೆಯೊಳಗಿನ ಜಗಳ ಕಾಣುತ್ತದೆಯೇ? ಹೊಟ್ಟೆಯ ನಡೆ ತಪ್ಪಿದರೆ, ನರ ಸೂಕ್ಷ್ಮವಾದರೆ ಕ್ಯಾಮೆರಾಕ್ಕೆ ಕಾಣದು. ಹಾಗೆಂದು ನೋವು ಸುಳ್ಳಲ್ಲ. ಅದಕ್ಕೂ ಔಷಧ ಇದೆ. ವರದಿ ಹಿಡಿದು ಮತ್ತೆ ಡಾಕ್ಟರ ಹತ್ತಿರ ಹೋಗಬೇಕು. ಮೈಕೈ ನೋವಿಗೆ ಅಂಗಡಿಯಿಂದ ತರುವ ಗುಳಿಗೆಗಳಲ್ಲಿ ಕೆಲವು ಜಠರವನ್ನು ಸುಡುತ್ತವೆ. ಕೇಳದೆ ನುಂಗಬೇಡಿ.

ಈಗ ನಮ್ಮ ಅಕ್ಷರದ ಕೆಲಸ. ಚೀಟಿ ಇಂಗ್ಲಿಷಿನಲ್ಲಿ ಇರುತ್ತದೆ. ‘ಯಾವ ಗುಳಿಗೆ? ಊಟಕ್ಕೆ ಮುಂಚೆಯೋ, ಆಮೇಲೋ? ಎಷ್ಟು ದಿನ?’ ಎಂದು ಕೇಳಿ. ಗುಳಿಗೆಯ ಪೊಟ್ಟಣದ ಮೇಲೆ ನೀವೇ ಕನ್ನಡದಲ್ಲಿ ಬರೆಯಿರಿ. ಮನೆಗೆ ಬಂದ ಮೇಲೆ ದಿನಾ ಎರಡು ಸಾಲು ಬರೆಯಿರಿ. ಹೀಗೆ:

ಸೋಮವಾರ. ಗಂಟಲು ನೋವು ಕಡಿಮೆ. ಗಂಜಿ ಉಂಡೆ. ಜ್ವರ ಇಲ್ಲ.
ಮಂಗಳವಾರ. ರೊಟ್ಟಿ ಉಂಡೆ. ರಾತ್ರಿ ಎದೆ ಉರಿ. ನಿದ್ದೆ ಇಲ್ಲ.

ಡಾಕ್ಟರ ಮುಂದೆ ಕುಳಿತಾಗ ‘ನಂಗ ಹ್ಯಾಂಗೋ ಆಗತೈತ್ರಿ’ ಎಂದರೆ ಅವರಿಗೆ ಏನು ತಿಳಿಯಬೇಕು? ಈ ಸಾಲು ಓದಿ ಹೇಳಿ. ಗಂಡನೋ ಮಗನೋ ನಮ್ಮ ನೋವು ಹೇಳುವುದು ಬೇಡ. ನಮ್ಮ ಹೊಟ್ಟೆಯ ಮಾತು ನಮ್ಮ ಬಾಯಿಂದಲೇ ಬರಲಿ.

ಇಳಿಯುವ ನೋವನ್ನು ಎರಡು ದಿನ ತಾಳೋಣ. ಏರುವ ನೋವನ್ನು ಆಗಲೇ ಹೇಳೋಣ. ಉಳಿಯುವ ನೋವನ್ನು ಬರೆದಿಡೋಣ. ಇಷ್ಟು ಹೇಳಿ ನನ್ನ ಮಾತು ಮುಗಿಸುತ್ತೇನೆ. ಈಗ ನೀವು ಕೇಳಿರಿ.