ಮತ್ತೆ ತೂಗುವ ತೊಟ್ಟಿಲು

ಹುಟ್ಟಿದ ಕೂಸುಗಳು ಉಳಿಯದ ಮನೆಯಲ್ಲಿ ಮತ್ತೊಂದು ಕೂಸು ಹುಟ್ಟಿದರೆ, ನಮ್ಮ ಕಡೆಯ ಹಳ್ಳಿಗಳಲ್ಲಿ ಹಿರಿಯರು ಅದನ್ನು ಮೊರದಲ್ಲಿ ಮಲಗಿಸಿ ತಿಪ್ಪೆಯ ಮೇಲಿಡುತ್ತಿದ್ದರು. ನೆರೆಮನೆಯಾಕೆ ಎತ್ತಿ ತಂದು ತಾಯಿಯ ಉಡಿಗೆ ಹಾಕುತ್ತಿದ್ದಳು. ಎಷ್ಟೋ ತಿಪ್ಪಣ್ಣ, ತಿಪ್ಪವ್ವರ ಹೆಸರು ಬಂದದ್ದು ಹೀಗೆ. ಸಾವಿನ ಕಣ್ಣು ತಪ್ಪಿಸುವ ಆಸೆ ಅದು. ಮೂಢನಂಬಿಕೆಯೆಂದು ತಳ್ಳಿಹಾಕಲು ನನಗೆ ಮನಸ್ಸಾಗದು. ಅದರೊಳಗೆ ಅಂಜಿದ ತಾಯಿಯೊಬ್ಬಳಿದ್ದಾಳೆ.

ವರಕವಿ ಬೇಂದ್ರೆಯವರ ಮನೆಯೂ ಇಂಥ ಸಂಕಟ ಕಂಡದ್ದೇ. ಬೇಂದ್ರೆ ದಂಪತಿಗೆ ಹುಟ್ಟಿದ 9 ಮಕ್ಕಳಲ್ಲಿ ಉಳಿದವರು ಮೂವರೇ. ಪ್ರತಿ ಸಲ ಹೊಸ ಕೂಸನ್ನು ತೊಟ್ಟಿಲಿಗೆ ಹಾಕುವಾಗ ಬೇಂದ್ರೆಯವರ ಪತ್ನಿ ಲಕ್ಷ್ಮೀಬಾಯಿಯವರ ಎದೆ ಎಷ್ಟು ಬಡಿದುಕೊಂಡಿರಬೇಕು!

ಇಂಥ ಮನೆಯಲ್ಲಿ ಇಂದು ತೊಟ್ಟಿಲು ಕಟ್ಟಿದರೆ ಸಂಭ್ರಮವಿರಲಿ. ಸೋದರತ್ತೆ ಕಿವಿಯಲ್ಲಿ ಹೆಸರು ಹೇಳಲಿ, ಆಕೆಯ ಬೆನ್ನಿಗೆ ಗುದ್ದು ಬೀಳಲಿ, ಓಣಿಗೆಲ್ಲ ಗುಗ್ಗರಿ ಹಂಚಿ. ಆದರೆ ಬಾಣಂತಿಗೆ ‘ಹಿಂದಿನದು ಮರೆತುಬಿಡವ್ವ’ ಎನ್ನಬೇಡಿ. ಹೋದ ಕೂಸೂ ಆಕೆಯದೇ. ನಗುನಗುತ್ತಲೇ ಕಣ್ಣೊರೆಸಿಕೊಂಡರೆ ಅಪಶಕುನವೆಂದು ಗದರಬೇಡಿ. ಕೂಸು ಮಲಗಿದಾಗಲೂ ಆಕೆಗೆ ನಿದ್ದೆ ಹತ್ತದಿದ್ದರೆ, ಅಂಜಿಕೆ ವಾರಗಟ್ಟಲೆ ಬಿಡದಿದ್ದರೆ, ಆಶಾ ಕಾರ್ಯಕರ್ತೆಗೆ ತಿಳಿಸಿ, ವೈದ್ಯರ ಬಳಿ ಕರೆದೊಯ್ಯಿರಿ.