ಭೋಂಗಾ ನಿಂತ ಮೇಲೆ ಮನೆಯ ಯಜಮಾನ

(ಉಪನ್ಯಾಸವೊಂದರ ಬರಹ ರೂಪ)



ಕನ್ನಡದ ಹೆಂಗಸರು ಗಂಡನ ಹೆಸರು ಹೇಳದೆ ‘ನಮ್ಮ ಯಜಮಾನರು’ ಎನ್ನುವುದುಂಟು. ಯಜಮಾನ ಎಂದರೆ ಮೂಲದಲ್ಲಿ ಯಜ್ಞ ಮಾಡಿಸುವವನು, ಅದರ ಖರ್ಚು ಹೊರುವವನು. ಖರ್ಚು ಹೊರುವವನೇ ಮನೆಗೆ ಒಡೆಯ ಎಂಬ ಭಾವನೆ ಈ ಮಾತಿನ ಹಿಂದೆ ಇದೆ. ಖರ್ಚು ಹೊರುವ ಶಕ್ತಿ ಒಂದು ದಿನ ಹಠಾತ್ತನೆ ಹೋಗಿಬಿಟ್ಟರೆ ಆ ಯಜಮಾನನ ಗತಿಯೇನು? ಈ ಪ್ರಶ್ನೆಗೆ ಮುಂಬಯಿಯ ಬಟ್ಟೆ ಗಿರಣಿಗಳ ಚರಿತ್ರೆಯಲ್ಲಿ ಉತ್ತರ ಹುಡುಕಬಹುದು.

ಪರೇಲ್, ಲಾಲ್‌ಬಾಗ್, ಚಿಂಚ್‌ಪೋಕಳಿ, ವರ್ಲಿ ಮುಂತಾದ ಕಡೆಗಳನ್ನು ಕೂಡಿಸಿ ‘ಗಿರಣ್‌ಗಾಂವ್’ ಎನ್ನುತ್ತಿದ್ದರು. ಗಿರಣಿಗಳ ಊರು ಎಂದರ್ಥ. ಅಲ್ಲಿ ಗಡಿಯಾರವಿಲ್ಲದ ಮನೆಗೂ ಹೊತ್ತು ತಿಳಿಯುತ್ತಿತ್ತು. ಗಿರಣಿಯ ‘ಭೋಂಗಾ’, ಅಂದರೆ ಸೈರನ್, ಕೂಗಿದಾಗ ಒಂದು ಪಾಳಿಯವರು ಎದ್ದು ಹೋದರೆ, ಇನ್ನೊಂದು ಪಾಳಿಯವರು ಬಂದು ಅದೇ ಜಾಗದಲ್ಲಿ ಮಲಗುತ್ತಿದ್ದರು. 1982ರ ಜನವರಿ 18ರಂದು ಡಾ. ದತ್ತಾ ಸಾಮಂತರ ನೇತೃತ್ವದಲ್ಲಿ ಸುಮಾರು ಎರಡೂವರೆ ಲಕ್ಷ ಕಾರ್ಮಿಕರು ಮುಷ್ಕರ ಹೂಡಿದರು. ಒಂದೂವರೆ ವರ್ಷ ದಾಟಿದರೂ ಒಪ್ಪಂದವಾಗಲಿಲ್ಲ. ಮುಷ್ಕರವನ್ನು ಹಿಂತೆಗೆದುಕೊಳ್ಳಲಾಗಿದೆ ಎಂದು ವಿಧಿವತ್ತಾಗಿ ಯಾರೂ ಸಾರಲಿಲ್ಲ. ಒಂದು ಲಕ್ಷಕ್ಕೂ ಹೆಚ್ಚು ಜನ ಕೆಲಸ ಕಳೆದುಕೊಂಡರು.

ಈ ಮುಷ್ಕರದ ರಾಜಕೀಯದ ಬಗ್ಗೆ, ಗಿರಣಿಗಳ ಜಮೀನಿನ ಬಗ್ಗೆ ಬೇಕಾದಷ್ಟು ಚರ್ಚೆಯಾಗಿದೆ. ಹತ್ತಡಿ ಅಗಲದ ಖೋಲಿಯ ಒಳಗೆ ಗಂಡ ಹೆಂಡಿರ ನಡುವೆ ಏನಾಯಿತು ಎಂಬುದರ ಚರ್ಚೆ ಕಡಿಮೆ. ಅದನ್ನು ತಿಳಿಯಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಕಾವಸಜಿ ದಾವರ್ ಮುಂಬಯಿಯ ಮೊದಲ ಬಟ್ಟೆ ಗಿರಣಿಯ ಕಂಪೆನಿಯನ್ನು ಕಟ್ಟಿದ್ದು 1854ರಲ್ಲಿ. ಮುಂದೆ ಗಿರಣಿಗಳು ಹೆಚ್ಚಿದಂತೆ ಕೊಂಕಣದ ರತ್ನಾಗಿರಿ, ಘಟ್ಟದ ಮೇಲಿನ ಸಾತಾರಾ ಕಡೆಗಳಿಂದ ಗಂಡಸರು ಒಂಟಿಯಾಗಿ ಬಂದರು. ಹೆಂಡತಿ ಊರಿನಲ್ಲಿ ಗದ್ದೆ ನೋಡಿಕೊಂಡಳು. ಗಿರಣಿಯ ಕೂಲಿಯೊಂದರಿಂದಲೇ ಸಂಸಾರ ನಡೆಯುತ್ತಿರಲಿಲ್ಲ. ಗದ್ದೆಯ ಅಕ್ಕಿಯೂ ಸೇರಿ ನಡೆಯುತ್ತಿತ್ತು. ಗಿರಣಿಯೊಳಗೂ ಹೆಂಗಸರಿದ್ದರು. 1920ರ ದಶಕದಲ್ಲಿ ಸುಮಾರು ಐವರು ಕಾರ್ಮಿಕರಲ್ಲಿ ಒಬ್ಬಳು ಹೆಂಗಸು. ನೂಲು ಸುತ್ತುವ ಖಾತೆಗಳು ಅವರವೇ. ಅವರೂ ಮುಷ್ಕರ ಮಾಡಿದರು, ಗೇಟಿನ ಮುಂದೆ ನಿಂತರು.

ಅವರು ಎಲ್ಲಿಗೆ ಹೋದರು? 1891ರ ಕಾರ್ಖಾನೆ ಕಾಯಿದೆ ಹೆಂಗಸರ ರಾತ್ರಿ ದುಡಿಮೆಗೆ ಕಡಿವಾಣ ಹಾಕಿತು. 1929ರಲ್ಲಿ ಮುಂಬಯಿ ಪ್ರಾಂತದಲ್ಲಿ ಹೆರಿಗೆ ಭತ್ಯದ ಕಾಯಿದೆ ಬಂತು. ಎರಡೂ ಹೆಂಗಸರ ಹಿತಕ್ಕೆಂದೇ ಬಂದವು. ಆದರೆ ರಾತ್ರಿ ಪಾಳಿ ಹೆಚ್ಚಿದಾಗ, ಹೊಸ ಯಂತ್ರಗಳು ಬಂದು ಕೈಗಳ ಸಂಖ್ಯೆ ಇಳಿಸುವ ಯೋಜನೆ ಶುರುವಾದಾಗ, ಮಾಲೀಕರ ಲೆಕ್ಕದಲ್ಲಿ ಹೆಂಗಸು ದುಬಾರಿಯಾದಳು. ಮೊದಲು ಮನೆಗೆ ಹೋದದ್ದು ಅವಳೇ. ಕುಟುಂಬ ಸಾಕುವಷ್ಟು ಕೂಲಿ ಬೇಕೆಂದು ಸಂಘಗಳು ನ್ಯಾಯವಾಗಿಯೇ ಕೇಳಿದವು. ಆದರೆ ಆ ಕುಟುಂಬವನ್ನು ಸಾಕುವವನು ಗಂಡಸು ಎಂದು ಹಿಡಿದೇ ಕೇಳಿದವು. 1970ರ ದಶಕದ ಹೊತ್ತಿಗೆ ಗಿರಣಿಗಳಲ್ಲಿ ಹೆಂಗಸರು ನೂರಕ್ಕೆ ಬೆರಳೆಣಿಕೆಯಷ್ಟು ಮಾತ್ರ ಉಳಿದರು.

ಗಂಡಸಿನ ಅಧಿಕಾರ ಹಳೆಯದೇ ಇರಬಹುದು. ಆದರೆ ಅವನೊಬ್ಬನೇ ದುಡಿದು ತರುವವನು ಎಂಬ ಏರ್ಪಾಡು ಅನಾದಿಯದಲ್ಲ. ಗಿರಣಿ, ಕಾಯಿದೆ, ಸಂಘ ಮೂರೂ ಸೇರಿ ಅದನ್ನು ಒಂದೆರಡು ತಲೆಮಾರಿನಲ್ಲಿ ಕಟ್ಟಿದವು. ಅದರಲ್ಲೇ ಹುಟ್ಟಿದ ಮಗನಿಗೆ ಅದು ಪ್ರಕೃತಿ ನಿಯಮದಂತೆ ಕಂಡಿತು.

ಅದು ಪೂರ್ತಿ ನಿಜವೂ ಆಗಿರಲಿಲ್ಲ. ಒಂಟಿಯಾಗಿದ್ದ ಸಾವಿರಾರು ಕಾರ್ಮಿಕರಿಗೆ ಊಟ ಹಾಕುತ್ತಿದ್ದದ್ದು ಖಾನಾವಳಿಗಳು. ಖಾನಾವಳಿ ಎಂದರೆ ಬೋರ್ಡು ಹಾಕಿದ ಹೋಟೆಲಲ್ಲ. ಚಾಳಿನ ಒಂದು ಖೋಲಿ, ಒಂದು ಒಲೆ, ಅದರ ಮುಂದೆ ಗಿರಣಿ ಕಾರ್ಮಿಕನೊಬ್ಬನ ಹೆಂಡತಿ. ಮನೆಯವರ ಜೊತೆಗೆ ಹತ್ತಾರು ಜನರಿಗೆ ಎರಡು ಹೊತ್ತು ಬೇಯಿಸಬೇಕು. ದುಡ್ಡು ಕೈಗೆ ಬರುವುದು ಅವರ ಪಗಾರದ ದಿನ. ಮುಷ್ಕರವಾದರೆ ಊಟ ಉದ್ದರಿ, ದಿನಸಿಗೆ ಬಡ್ಡಿ ಸಾಲ. ಈ ಹೆಂಗಸರಿಗೆ ಬ್ಯಾಂಕಿನ ಸಾಲ ಕೊಡಿಸಲೆಂದು ಕಾರ್ಮಿಕ ನಾಯಕಿ ಪ್ರೇಮಾ ಪುರವ್ 1975ರಲ್ಲಿ ಅನ್ನಪೂರ್ಣಾ ಮಹಿಳಾ ಮಂಡಳ ಕಟ್ಟಿದರು. ಇಷ್ಟು ದುಡಿದರೂ, ಏನು ಕೆಲಸ ಎಂದು ಕೇಳಿದರೆ ಅವಳ ಬಗ್ಗೆ ಸಿಗುತ್ತಿದ್ದ ಉತ್ತರ ಒಂದೇ: ‘ಮನೆಯಲ್ಲೇ ಇರುತ್ತಾಳೆ.’

ಮುಷ್ಕರ ಸೋತ ಮೇಲೆ ನೇಯ್ಗೆ ಭಿವಂಡಿ, ಇಚಲಕರಂಜಿಗಳ ವಿದ್ಯುತ್ ಮಗ್ಗಗಳಿಗೆ ಹೋಯಿತು. ಗಿರಣಿಯ ನೇಕಾರ ಕಳೆದುಕೊಂಡದ್ದು ಪಗಾರವೊಂದನ್ನೇ ಅಲ್ಲ. ಮಗ್ಗದ ಸದ್ದು ಕೇಳಿಯೇ ಎಲ್ಲಿ ಕೆಟ್ಟಿದೆ ಎಂದು ಹೇಳಬಲ್ಲವನ ಕೌಶಲಕ್ಕೆ ಬೆಲೆಯಿಲ್ಲದಾಯಿತು. ಅವನು ತರಕಾರಿ ಮಾರಿದ, ಕಾವಲುಗಾರನಾದ, ಇಲ್ಲವೇ ಊರಿಗೆ ಹೊರಟ. ಇನ್ನೊಂದು ಕಷ್ಟ ಯಾವ ಲೆಕ್ಕಕ್ಕೂ ಬಾರದ್ದು. ಹಗಲು ಹೊತ್ತು ಖೋಲಿ ಹೆಂಗಸರ ಜಾಗ; ಗಂಡಸು ಅಲ್ಲಿಗೆ ಉಣ್ಣಲು, ಮಲಗಲು ಬರುವವನು. ಈಗ ದಿನವಿಡೀ ಅವನಿಗೆ ಕೂರಲು ಜಾಗವಿಲ್ಲ. ಹೊರಗೆ ನಾಕಾದಲ್ಲಿ ನಿಂತ. ಇಸ್ಪೀಟು, ಕುಡಿತ ಹತ್ತಿರವಾದವು. ಹೆಂಡತಿ ಪಾತ್ರೆ, ಒಡವೆ ಅಡವಿಟ್ಟಳು. ಹಪ್ಪಳ ಲಟ್ಟಿಸಿದಳು, ಪರರ ಮನೆಯ ಮುಸುರೆ ತಿಕ್ಕಿದಳು. ಅವಳು ತಂದ ದುಡ್ಡಿನಲ್ಲಿ ಉಣ್ಣುವುದು ಕೆಲವರಿಗೆ ಅವಮಾನವೆನಿಸಿತು, ಆ ಅವಮಾನ ಏಟಾಗಿ ಅವಳ ಮೈಮೇಲೆಯೇ ಬಿತ್ತು. ಕಷ್ಟ ಇದಕ್ಕೆ ಕಾರಣವಾದೀತು, ಸಮರ್ಥನೆಯಾಗದು. ಹೆಂಡತಿಯ ಖಾನಾವಳಿಗೆ ತರಕಾರಿ ಹೆಚ್ಚಿಕೊಟ್ಟು ಡಬ್ಬಿ ಹೊತ್ತವರೂ ಇದ್ದರು; ಅವರ ಹೆಸರು ಎಲ್ಲೂ ದಾಖಲಾಗಲಿಲ್ಲ. ಜಯಂತ ಪವಾರರ ‘ಅಧಾಂತರ್’ ನಾಟಕ ಮುಷ್ಕರದ ನಂತರ ಒಡೆದುಹೋಗುವ ಇಂಥ ಒಂದು ಸಂಸಾರದ ಕಥೆ.

ಹೆಂಗಸು ಗಂಡಸಿನ ಕೆಲಸ ಕಸಿದಳು ಎಂಬ ದೂರು ಇಂಥ ಹೊತ್ತಿನಲ್ಲಿ ಕೇಳಿಬರುತ್ತದೆ. ಬಟ್ಟೆ ಉದ್ಯಮದ್ದೇ ಇನ್ನೊಂದು ಊರು ಬೆಂಗಳೂರು. ಅಲ್ಲಿಯೂ ಬಿನ್ನಿ, ಮಿನರ್ವಾದಂಥ ಹಳೆಯ ಗಿರಣಿಗಳು ಮುಚ್ಚಿದವು. ಪೀಣ್ಯ, ಬೊಮ್ಮನಹಳ್ಳಿ, ಮೈಸೂರು ರಸ್ತೆಗಳ ಸಿದ್ಧ ಉಡುಪು ಕಾರ್ಖಾನೆಗಳಲ್ಲಿ ಹೆಂಗಸರು ತುಂಬಿದರು. ಆದರೆ ಗಿರಣಿಯ ಕಾಯಂ ಕಾರ್ಮಿಕನಿಗಿದ್ದ ಭದ್ರತೆ, ಬಲವಾದ ಸಂಘ ಇವರಿಗೆ ಸಿಗಲಿಲ್ಲ. ಭವಿಷ್ಯನಿಧಿ ಹಣ ತೆಗೆಯುವ ನಿಯಮವನ್ನು ಕೇಂದ್ರ ಸರಕಾರ ಬಿಗಿಗೊಳಿಸಿದ್ದಕ್ಕೆ 2016ರ ಏಪ್ರಿಲ್‌ನಲ್ಲಿ ಸಾವಿರಾರು ಹೆಂಗಸರು ಬೆಂಗಳೂರಿನ ಬೀದಿಗಿಳಿದರು. ಎರಡನೆಯ ದಿನವೇ ಸರಕಾರ ನಿಯಮ ಹಿಂತೆಗೆದುಕೊಂಡಿತು. ಕೆಲಸ ಬಿಟ್ಟಾಗ ಕೈಗೆ ಬರುವ ಆ ಹಣವೇ ಎಷ್ಟೋ ಜನರ ಏಕೈಕ ಉಳಿತಾಯ. ಗಂಡಸಿನ ಕೈಯಿಂದ ಹೆಂಗಸಿನ ಕೈಗೆ ಬಂದದ್ದು ಅದೇ ಕೆಲಸವಲ್ಲ; ದಾರಿಯಲ್ಲಿ ಕೆಲಸವೇ ಕುಗ್ಗಿತ್ತು.

ಕೆಲಸ ಕಳೆದುಕೊಂಡವನ ದುಃಖ ನಿಜವಾದದ್ದು. ಅದಕ್ಕೆ ಬೇಕಾದದ್ದು ಹೊಸ ಕಸುಬು, ನ್ಯಾಯವಾದ ಪರಿಹಾರ, ತಲೆಯ ಮೇಲೊಂದು ಸೂರು. ಹಳೆಯ ಯಜಮಾನಿಕೆಯನ್ನು ಹಿಂದಕ್ಕೆ ತಂದುಕೊಟ್ಟರೆ ಆ ದುಃಖ ತೀರುವುದಿಲ್ಲ. ಗಿರಣ್‌ಗಾಂವ್‌ನ ಆ ಖೋಲಿಗಳಲ್ಲಿ ಖರ್ಚು ಹೊರುವವರು ಮೊದಲಿನಿಂದಲೂ ಇಬ್ಬರಿದ್ದರು. ಒಬ್ಬರ ದುಡಿಮೆಯನ್ನು ಮಾತ್ರ ಭೋಂಗಾ ಊರಿಗೆಲ್ಲ ಕೂಗಿ ಹೇಳುತ್ತಿತ್ತು.