ಲಾರಿಯಿಂದ ಮನೆಗೆ ಬಂದವರ ಜೊತೆ ಮಾತಾಡೋಣ

(ಗುಡೇಕೋಟೆಯ ಸ್ವಸಹಾಯ ಸಂಘಗಳ ಸಭೆಯಲ್ಲಿ ಆಡಿದ ಮಾತುಗಳು)



ಸಂಘದ ಸಭೆಯಲ್ಲಿ ನಾವು ಉಳಿತಾಯ, ಸಾಲದ ಕಂತು ಎಲ್ಲಾ ಮಾತಾಡ್ತೀವಿ. ನಾಚಿಕೆಯಿಂದ ಮುಚ್ಚಿಟ್ಟ ಒಂದು ಮಾತನ್ನು ಇವತ್ತು ಎತ್ತುತ್ತಿದ್ದೇವೆ.

ಸಂಡೂರು, ಹೊಸಪೇಟೆ ಕಡೆಯ ಅದಿರು ಹಗಲುರಾತ್ರಿ ಬಂದರುಗಳಿಗೆ ಲಾರಿಗಳಲ್ಲಿ ಹೋಗುತ್ತಿದ್ದ ಕಾಲ ನಿಮಗೆ ನೆನಪಿದೆ. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ತಡೆದ ಮೇಲೆ ಆ ಅಬ್ಬರ ಇಳಿಯಿತು. ಆದರೆ ಲಾರಿ ದುಡಿಮೆ ನಿಂತಿಲ್ಲ. ಕೂಡ್ಲಿಗಿ ಹೆದ್ದಾರಿಯಲ್ಲಿ ನಿಂತು ನೋಡಿದರೆ ಗೊತ್ತಾಗುತ್ತೆ.

ಈ ದುಡಿಮೆ ಕಷ್ಟದ್ದು. ನಿದ್ದೆಗೆಟ್ಟು ಓಡಿಸಬೇಕು, ಲೋಡಿಗಾಗಿ ದಿನಗಟ್ಟಲೆ ಕಾಯಬೇಕು. ಮೈಕೈ ನೋವಿಗೆ, ಬೇಸರಕ್ಕೆ ಅಂತ ಕುಡಿತ ಶುರುವಾಗುತ್ತದೆ. ಕುಡಿದವನಿಗೆ ಹೆಂಡತಿ-ಮಕ್ಕಳ ನೆನಪಿರಲ್ಲ, ನಿರೋಧ್ ನೆನಪೂ ಇರಲ್ಲ. ಹೀಗೆ ಹೊರಗೆ ತಗುಲಿದ ಎಚ್.ಐ.ವಿ., ಸಿಫಿಲಿಸ್ ಮನೆಯಲ್ಲಿರುವ ಹೆಂಡತಿಗೂ ಬರುತ್ತದೆ. ಎಲ್ಲಾ ಡ್ರೈವರು, ಕ್ಲೀನರುಗಳೂ ಹೀಗಲ್ಲ. ದಾರಿಬದಿಯ ಹೆಣ್ಣುಮಕ್ಕಳನ್ನು ಬೈಯುವುದೂ ಬೇಡ. ಅವರಲ್ಲಿ ಎಷ್ಟೋ ಜನರನ್ನು ಅಲ್ಲಿಗೆ ದೂಡಿದ್ದು ಬಡತನ.

ನಮ್ಮ ಬಳಿ ಒಬ್ಬ ತಾಯಿ ಬಂದಿದ್ದರು. ಲಾರಿ ಓಡಿಸುತ್ತಿದ್ದ ಗಂಡ ಕೆಮ್ಮು, ಜ್ವರ ಅಂತ ಸೊರಗಿ ತೀರಿಹೋಗಿದ್ದರು. "ನೀನೇ ನನ್ನ ಮಗನನ್ನು ತಿಂದೆ" ಎಂದು ಅತ್ತೆ ಹೊರಗೆ ಹಾಕಿದ್ದರು. ಸಂಘದ ಇಬ್ಬರು ಜೊತೆಗೆ ಹೋಗಿ ರಕ್ತ ಪರೀಕ್ಷೆ ಮಾಡಿಸಿದರು. ಎಚ್.ಐ.ವಿ. ಇತ್ತು. ಇವತ್ತು ಆಕೆ ಮಾತ್ರೆ ನುಂಗುತ್ತಾ ಹೊಲದ ಕೆಲಸ ಮಾಡುತ್ತಾರೆ. "ಮೊದಲೇ ಬಾಯಿಬಿಟ್ಟು ಕೇಳಿದ್ರೆ ಅವರೂ ಉಳೀತಿದ್ರು ಸಿಸ್ಟರ್" ಅಂದರು. ಆ ಮಾತು ನಮ್ಮನ್ನು ಬಿಟ್ಟಿಲ್ಲ.

ಹಾಗಾದರೆ ನಾವೇನು ಮಾಡಬೇಕು?

1. ಕುಡಿದು ಬಂದಾಗ ಜಗಳ ಬೇಡ. ಮರುದಿನ ಸಮಾಧಾನವಾಗಿ, "ಇಬ್ಬರೂ ಹೋಗಿ ಪರೀಕ್ಷೆ ಮಾಡಿಸಿಕೊಂಡು ಬರೋಣ ಬರ್ರಿ" ಅನ್ನಿ. ಹೊಡೆತದ ಭಯವಿದ್ದರೆ ಸಂಘದವರೊಬ್ಬರನ್ನು ಕರೆದುಕೊಂಡು ನೀವೇ ಹೋಗಿ.

2. ಸರ್ಕಾರಿ ತಾಲೂಕು ಆಸ್ಪತ್ರೆಯಲ್ಲಿ ಪರೀಕ್ಷೆ ಉಚಿತ. ಸೋಂಕು ತಗುಲಿದ ಹೊಸದರಲ್ಲಿ ಕಾಣದೇ ಇರಬಹುದು. 3 ತಿಂಗಳಾದ ಮೇಲೆ ಮತ್ತೊಮ್ಮೆ ಮಾಡಿಸಿ. ಬಸುರಿಯರು ತಪ್ಪಿಸಲೇಬೇಡಿ. ಸಮಯಕ್ಕೆ ಔಷಧಿ ಕೊಟ್ಟರೆ ಮಗುವನ್ನು ಉಳಿಸಿಕೊಳ್ಳಬಹುದು.

3. ಸೋಂಕು ಇದ್ದರೆ ಎ.ಆರ್.ಟಿ. ಮಾತ್ರೆ 2004ರಿಂದ ಸರ್ಕಾರವೇ ಉಚಿತವಾಗಿ ಕೊಡುತ್ತಿದೆ. ದಿನವೂ ತಪ್ಪದೆ ನುಂಗಿದರೆ ಬಹುಕಾಲ ಬಾಳಬಹುದು. ಒಟ್ಟಿಗೆ ಉಂಡರೆ, ಮುಟ್ಟಿದರೆ ಇದು ಹರಡುವುದಿಲ್ಲ.

4. ಕುಡಿತ ಬಿಡಿಸುತ್ತೇವೆಂದು ಮಾರುವ ಪುಡಿಯನ್ನು ಊಟದಲ್ಲಿ ಗುಟ್ಟಾಗಿ ಬೆರೆಸಬೇಡಿ, ಪ್ರಾಣಕ್ಕೇ ಅಪಾಯ. ಬಹಳ ಕುಡಿಯುವವರು ಒಮ್ಮೆಲೇ ಬಿಟ್ಟರೆ ಫಿಟ್ಸ್ ಬರಬಹುದು. ಡಾಕ್ಟರ ಸಲಹೆಯಲ್ಲೇ ಬಿಡಿಸಿ.

5. 2017ರ ಕಾಯ್ದೆ ಪ್ರಕಾರ ಎಚ್.ಐ.ವಿ. ಇದೆಯೆಂದು ಯಾರನ್ನೂ ಕೆಲಸದಿಂದ, ಶಾಲೆಯಿಂದ, ಮನೆಯಿಂದ ತಳ್ಳುವಂತಿಲ್ಲ. ಸಂಶಯವಿದ್ದರೆ 1097ಕ್ಕೆ ಫೋನ್ ಮಾಡಿ, ಹಣ ಬೀಳುವುದಿಲ್ಲ.

ಲಾರಿ ಹೊರಡುವ ಮುನ್ನ ನಮ್ಮ ಗಂಡಸರು ಟೈರು, ಬ್ರೇಕು ನೋಡ್ತಾರೆ. ತಮ್ಮ ಮೈಯನ್ನೂ ಒಮ್ಮೆ ತೋರಿಸಿಕೊಳ್ಳಲಿ. ಆ ಮಾತನ್ನು ಹೇಳುವ ಧೈರ್ಯ ನಮಗೆ ಬರಲಿ. ಒಬ್ಬರಿಗೇ ಆಗದಿದ್ದರೆ ಸಂಘ ಇದೆ, ನಾವೂ ಇದ್ದೇವೆ.